ಭಾರದ ದೋಣಿಯನ್ನು ಎಳೆಯುವ ಬಗೆ

ಎತ್ತಿನ ಗಾಡಿಗೆ ಹೇರು ಹೇರುವುದನ್ನು ನಮ್ಮ ಹಳ್ಳಿಗಳಲ್ಲಿ ನಾವು ಕಂಡಿದ್ದೇವೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಅತಿಯಾಗಿ ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ ದೋಣಿಯನ್ನು ಎಳೆಯುವಾಗಲೂ ಇದೇ ನಿಯಮ.

ದೋಣಿ, ಎಂಜಿನ್, ಟ್ರೇಲರ್ ಎಲ್ಲವೂ ಕೂಡಿ 2,000 ಕಿಲೋ ಎನ್ನೋಣ. ಇದರಲ್ಲಿ ನೂರಕ್ಕೆ ಸುಮಾರು 10 ಪಾಲು, ಎಂದರೆ 200 ಕಿಲೋ, ಪಿಕಪ್ಪಿನ ಕೊಂಡಿಯ ಮೇಲೆ ಕೂರಬೇಕು. ಗಾಡಿ ತಯಾರಿಸಿದವರು ಹೇಳಿದ ಮಿತಿಯನ್ನು ಮಾತ್ರ ಮೀರಬಾರದು. ಭಾರ ಕಡಿಮೆ ಬಿದ್ದರೆ ಟ್ರೇಲರ್ ಬಾಲದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಹೆಚ್ಚು ಬಿದ್ದರೆ ಪಿಕಪ್ಪಿನ ಮುಂದಿನ ಚಕ್ರಗಳು ಹಗುರವಾಗಿ ನೆಲದ ಹಿಡಿತ ಸಡಿಲುತ್ತದೆ. ಎಷ್ಟೋ ದೋಣಿಗಳ ಎಂಜಿನ್ ಹಿಂತುದಿಯಲ್ಲೇ ಇರುವುದರಿಂದ ಹಿಂಭಾರದ ಭಯವೇ ಹೆಚ್ಚು.

ಹೊರಡುವ ಮುನ್ನ ಕೊಂಡಿ, ಟೈರು, ಬ್ರೇಕು, ಹಿಂದಿನ ದೀಪಗಳನ್ನು ನೋಡಬೇಕು. ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಂತೆ ಹಾಯಿಸಬೇಕು. ಆಗ ಕೊಂಡಿ ಕಳಚಿದರೂ ಟ್ರೇಲರಿನ ಮುಂತುದಿ ರಸ್ತೆಗೆ ಬಡಿಯದಂತೆ ಅವು ತಡೆಯುತ್ತವೆ.

ವೇಗ ಇಮ್ಮಡಿಯಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದ ನಿಧಾನವಾಗಿ ನಡೆಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಟ್ರೇಲರ್ ಹೊಯ್ದಾಡತೊಡಗಿದರೆ ಪಿಕಪ್ಪಿನ ಬ್ರೇಕನ್ನು ಒಮ್ಮೆಲೇ ತುಳಿಯಬಾರದು, ವೇಗವನ್ನೂ ಹೆಚ್ಚಿಸಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಗಾಡಿ ನಿಂತ ಮೇಲೆ ಭಾರವನ್ನು ಸರಿಪಡಿಸದೆ ಮತ್ತೆ ಹೊರಡಬಾರದು.

ಚಾಲಕರಾಗಿ ದುಡಿಯುವ ನಮ್ಮ ಬಂಧುಗಳು ಮಾಲೀಕನ ಅವಸರಕ್ಕೆ ಮಣಿದು ಇವುಗಳಲ್ಲಿ ಒಂದನ್ನೂ ಬಿಡದಿರಲಿ. ಇಂದಿನ ಬಾಡಿಗೆ ತಪ್ಪಿದರೆ ನಾಳೆ ದೊರೆತೀತು. ದಾರಿಹೋಕನ ಪ್ರಾಣ ಮರಳಿ ದೊರೆಯದು.