ತೌಕ್ತೆ ಗುಜರಾತಿಗೆ, ತೆರೆ ನಮ್ಮ ಅಡುಗೆಮನೆಗೆ

ತೌಕ್ತೆ ನಮ್ಮೂರ ದಡ ಮುಟ್ಟಲೇ ಇಲ್ಲ, ನಿಜ. 2021ರ ಮೇ 14ರಂದು ಲಕ್ಷದ್ವೀಪದ ಬಳಿ ಚಂಡಮಾರುತವಾಗಿ, ಕಡಲಲ್ಲೇ ಉತ್ತರಕ್ಕೆ ಸರಿದು, 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಸಣ್ಣಮಾವ ಇಂದಿಗೂ ಅದನ್ನೇ ಹಿಡಿದು ವಾದಿಸುತ್ತಾರೆ: "ತೂಫಾನು ಬಂದದ್ದು ಅವರಿಗೆ, ನಮಗಲ್ಲ." ಹಾಗಾದರೆ ಉಚ್ಚಿಲದ ನಮ್ಮ ಅಡುಗೆಮನೆ ಎಲ್ಲಿ ಹೋಯಿತು?

15ರ ಬೆಳಿಗ್ಗೆಯೇ ಹೊರಡೋಣ ಎಂದಿದ್ದೆ. ಮಳೆ ಸ್ವಲ್ಪ ಬಿಟ್ಟಿತ್ತು. ಮಾವ ಮೋಡ ನೋಡಿ "ಇನ್ನೇನಿಲ್ಲ, ಚಾ ಮಾಡು" ಎಂದರು. ನಾನು ನೋಡುತ್ತಿದ್ದದ್ದು ಕಡಲನ್ನು. ತೆರೆಗಳ ನಡುವೆ ಬಿಡುವು ಉದ್ದವಾಗಿತ್ತು, ಒಂದೊಂದೂ ಹಿಂದಿನದಕ್ಕಿಂತ ಮೇಲೆ ಹತ್ತುತ್ತಿತ್ತು. ದೂರದ ಬಿರುಗಾಳಿ ಎಬ್ಬಿಸಿದ ತೆರೆಗೆ ಇಲ್ಲಿ ಗಾಳಿ ಬೇಕಾಗಿಲ್ಲ; ಆಳ ಕಡಿಮೆಯಾದಂತೆ ಅದು ತಾನಾಗಿ ಎದ್ದು ನಿಲ್ಲುತ್ತದೆ. ಉಬ್ಬರದ ಹೊತ್ತೂ ಕೂಡಿಬಂದರೆ ಮುಗಿಯಿತು.

ಅತ್ತೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದ್ದರು. ಹಿಂದಿನ ಕಿಟಕಿ ಚೌಕಟ್ಟಿನ ಸಮೇತ ಒಳಗೆ ಬಂತು. ಸೊಂಟದವರೆಗೆ ಕೆಸರು ಬಣ್ಣದ ನೀರು, ಬಾಯಿ ತುಂಬ ಮರಳು. ಖಾಲಿಯಾಗುತ್ತ ಬಂದಿದ್ದ ಗ್ಯಾಸ್ ಸಿಲಿಂಡರ್ ತೇಲಿಬಂದು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಅದನ್ನು ಒದ್ದು ಸರಿಸಿ, ಅತ್ತೆಯ ರಟ್ಟೆ ಹಿಡಿದು ಎಳೆದೆ. ಹೆದರಿಕೆಯಾದದ್ದು ನೀರು ಬಂದಾಗಲ್ಲ, ವಾಪಸು ಹೋಗುವಾಗ. ಪಂಚಾಂಗದ ಅಡಿಯ ಮರಳನ್ನು ಅದು ಸರಸರ ಎಳೆದುಕೊಂಡು ಹೋಯಿತು. ಒಲೆಕಟ್ಟೆ ಇದ್ದ ಗೋಡೆ ಸದ್ದಿಲ್ಲದೆ ಒಂದು ಬದಿಗೆ ಕೂತಿತು. ಮುಂದಿನ ತೆರೆಗೆ ಅದೂ ಇಲ್ಲ.

ಕಲ್ಲಿನ ತಡೆಗೋಡೆ ಪಕ್ಕದ ಮನೆಯ ಕಂಪೌಂಡಿಗೇ ನಿಂತಿತ್ತು. "ನಿಮ್ಮದು ಮುಂದಿನ ಎಸ್ಟಿಮೇಟಿನಲ್ಲಿ" ಎಂದಿದ್ದರು ಇಂಜಿನಿಯರು. ಗೋಡೆ ಮುಗಿದ ಜಾಗದಲ್ಲೇ ಕೊರೆತ ಜಾಸ್ತಿ ಎನ್ನುವುದು ದಡದ ಮಕ್ಕಳಿಗೂ ಗೊತ್ತು. ಆಮೇಲೆ ಬಂದು ಫೋಟೊ ಮಾತ್ರ ಚೆನ್ನಾಗಿ ತೆಗೆದುಕೊಂಡರು.

ದಡದಲ್ಲಿರುವವರಿಗೆ ಹೇಳುವುದಿಷ್ಟು: ಮಳೆಯ ಮುನ್ಸೂಚನೆ ಬೇರೆ, ಎತ್ತರದ ಅಲೆಯ ಎಚ್ಚರಿಕೆ ಬೇರೆ. ಎರಡನೆಯದನ್ನು ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್; ಅದನ್ನೂ ನೋಡಿ. ರೇಷನ್ ಕಾರ್ಡು, ಮನೆಪತ್ರ ಒಂದೇ ಚೀಲದಲ್ಲಿರಲಿ. ಗ್ಯಾಸ್ ಬಂದ್ ಮಾಡಿ, ಉಬ್ಬರಕ್ಕೆ ಮೊದಲೇ ಹೊರಡಿ. ಮನೆಯ ಹಿರಿಯರು ಚಾ ಕೇಳಿದರೆ, ಅದನ್ನು ನೆಂಟರ ಮನೆಯಲ್ಲಿ ಮಾಡಿಕೊಡಿ.