ನುಂಗಲು ಕಷ್ಟವೇ? ಹಲ್ಲಿನ ಡಾಕ್ಟರಿಗೆ ಫೋನಿನಲ್ಲೇ ಹೇಳಿಬಿಡಿ

ಲಕ್ವ ಹೊಡೆದವರು, ಪಾರ್ಕಿನ್ಸನ್ ಇರುವವರು, ಗಂಟಲಿಗೆ ರೇಡಿಯೇಶನ್ ಆದವರು ಹಲ್ಲಿನ ಡಾಕ್ಟರ ಬಳಿ ಹೋಗಲು ಹಿಂಜರಿಯುತ್ತಾರೆ. ಗುಟುಕು ನೀರಿಗೇ ನೆತ್ತಿಗೇರುವಾಗ ಬಾಯಿ ತುಂಬ ನೀರು ಚಿಮ್ಮಿಸಿಕೊಳ್ಳುವುದು ಹೇಗೆ ಎಂಬ ಅಂಜಿಕೆ. ಅದು ಸುಳ್ಳಲ್ಲ. ಆದರೆ ಹೋಗದಿರುವುದೂ ಅಪಾಯವೇ. ಕೊಳೆಗಟ್ಟಿದ ಹಲ್ಲಿನ ರೋಗಾಣುಗಳು ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು.

ಮೊದಲ ಹೆಜ್ಜೆ ಫೋನು. ‘ನುಂಗುವ ತೊಂದರೆ ಇದೆ, ಪೂರ್ತಿ ಮಲಗಿಸುವಂತಿಲ್ಲ’ ಎಂದು ಅಪಾಯಿಂಟ್‌ಮೆಂಟ್ ಕೇಳುವಾಗಲೇ ಹೇಳಿ. ಪಾರ್ಕಿನ್ಸನ್ ಇದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನೇ ಕೇಳಿ ಪಡೆಯಿರಿ. ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರೆ, ಹೊರಡುವುದಕ್ಕೆ ಎಷ್ಟು ಹೊತ್ತು ಮೊದಲು ನಿಲ್ಲಿಸಬೇಕೆಂದು ನಿಮ್ಮ ವೈದ್ಯರಿಂದ ತಿಳಿದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಕುರ್ಚಿಯಲ್ಲಿ ಅರೆ ಕುಳಿತಂತೆ, ಸುಮಾರು 45 ಡಿಗ್ರಿಯಲ್ಲಿ ಒರಗಿದರೆ ಸಾಕು. ತಲೆ ಹಿಂದಕ್ಕೆ ಬಾಗಬಾರದು. ಸ್ವಲ್ಪ ಪಕ್ಕಕ್ಕೆ ತಿರುಗಿದ್ದರೆ ನೀರು ಗಂಟಲಿಗೆ ಹೋಗದೆ ಕೆನ್ನೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಸಕ್ಷನ್ ಪೈಪು ಎಳೆದುಕೊಳ್ಳುತ್ತದೆ. ಡಾಕ್ಟರ ಬೆನ್ನಿಗೆ ಇದರಿಂದ ಕಷ್ಟ, ನಿಜ. ಆದರೂ ಸಂಕೋಚ ಬೇಡ. ಕೈ ಎತ್ತಿದರೆ ಕೆಲಸ ನಿಲ್ಲಿಸಬೇಕೆಂಬ ಒಪ್ಪಂದ ಬಾಯಿ ತೆರೆಯುವ ಮೊದಲೇ ಆಗಿರಲಿ.

ಕ್ಲೀನಿಂಗ್ ಮೆಷಿನ್ ನೀರು ಚಿಮ್ಮಿಸುತ್ತಲೇ ಇರುತ್ತದೆ. ಕೈ ಉಪಕರಣದಿಂದ ಕೆರೆದು ತೆಗೆಯಲು ಸಾಧ್ಯವೇ ಎಂದು ಕೇಳಿ. ಆಗದಿದ್ದರೆ ಪದೇ ಪದೇ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಭೇಟಿಗಳಲ್ಲಿ ಮುಗಿಸಲಿ. ರೂಟ್ ಕೆನಾಲ್‌ಗೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ರಬ್ಬರ್ ಹಾಳೆ ಹಾಕಿದರೆ ನೀರಷ್ಟೇ ಅಲ್ಲ, ಸಣ್ಣ ಸೂಜಿಯೂ ಗಂಟಲಿಗೆ ಜಾರದು. ಕೊನೆಗೆ ಬಾಯಿ ಮುಕ್ಕಳಿಸುವ ಬದಲು ಗಾಜ್ ಬಟ್ಟೆಯಿಂದ ಒರೆಸಿದರಾಯಿತು.

ಕೆಮ್ಮಲಿಲ್ಲವಲ್ಲ ಎಂದು ನೆಮ್ಮದಿಪಡುವಂತಿಲ್ಲ. ಕೆಲವರಿಗೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ದನಿ ಗೊರಗೊರ ಎನ್ನುವುದು, ಏದುಸಿರು, ಕಣ್ಣಲ್ಲಿ ನೀರು ಅದರ ಸುಳಿವುಗಳು. ಇವನ್ನು ಬೇಗ ಗುರುತಿಸುವುದು ದಿನಾ ಊಟ ಮಾಡಿಸುವ ಮನೆಯವರೇ. ಅವರು ಒಳಗೇ ಇರಲಿ.

ಕೆಳದವಡೆಗೆ ಇಂಜೆಕ್ಷನ್ ಕೊಟ್ಟರೆ ನಾಲಿಗೆಯೂ ಕೆಲವು ಗಂಟೆ ಮರಗಟ್ಟುತ್ತದೆ. ಜೋಮು ಪೂರ್ತಿ ಬಿಡುವವರೆಗೆ ಬಾಯಿಗೆ ಏನೂ ಹಾಕಬೇಡಿ, ಕಾಫಿಯನ್ನೂ. ಮುಂದಿನ ಕೆಲವು ದಿನಗಳಲ್ಲಿ ಜ್ವರ, ಕಫದ ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಹಲ್ಲಿನ ಚಿಕಿತ್ಸೆ ಆಗಿದ್ದನ್ನು ಅಲ್ಲಿ ಮರೆಯದೆ ಹೇಳಿ.