ಇಂದಿನ ಧಮ್ಮ ಚಿಂತನೆ: ನೋವಿಗೆ ಕಾರಣವಿದೆ



ಮಣಿಕಟ್ಟಿನ ಮೂಳೆ ಮುರಿದು, ಆಪರೇಷನ್ ಆಗಿ, ಪ್ಲೇಟ್ ಹಾಕಿ ನಾಲ್ಕು ತಿಂಗಳಾಯಿತು. ಗಾಯ ಮಾಗಿದೆ, ನೋವು ಹೋಗಿಲ್ಲ. ಲಿಂಗರಾಜಪುರ ಫ್ಲೈಓವರ್ ಮೇಲೆ ಬಸ್ಸಿನ ಕಂಬಿ ಹಿಡಿದರೆ ಕೈ ಚುರುಕ್ ಎನ್ನುತ್ತದೆ. ಬಟ್ಟೆ ಹಿಂಡಲು ಆಗುವುದಿಲ್ಲ. ನೋಡಲು ಬಂದವರೊಬ್ಬರು, "ಹಿಂದಿನ ಜನ್ಮದ ಕರ್ಮ, ಅನುಭವಿಸಲೇಬೇಕು" ಎಂದರು.

ಈ ಮಾತು ನಮಗೆ ಹೊಸದಲ್ಲ. ನಮ್ಮ ಹಿರಿಯರನ್ನು ಊರ ಹೊರಗೆ ಇಟ್ಟವರೂ ಇದೇ ಕಾರಣ ಹೇಳಿದ್ದರು.

ಎಲ್ಲ ನೋವೂ ಹಿಂದಿನ ಕರ್ಮದಿಂದಲೇ ಬರುತ್ತದೆಯೇ? ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಸೀವಕ ಬುದ್ಧರನ್ನು ಕೇಳಿದ್ದು ಇದನ್ನೇ. ಪಿತ್ತ, ಕಫ, ವಾತ, ಈ ಮೂರರ ಕೂಟ, ಋತು ಬದಲಾವಣೆ, ಆರೈಕೆಯ ಏರುಪೇರು, ಪೆಟ್ಟು, ಕರ್ಮ ಎಂದು ಬುದ್ಧರು 8 ಕಾರಣ ಎಣಿಸಿದರು. ಎಲ್ಲವನ್ನೂ ಕರ್ಮದ ತಲೆಗೆ ಕಟ್ಟುವುದು ತಪ್ಪು ಎಂದರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮವಾದವನ್ನೇ ಒಪ್ಪಲಿಲ್ಲ.

ನನ್ನ ನೋವಿಗೆ ಕಾರಣ ಪೆಟ್ಟು, ಮತ್ತು ವಾರಗಟ್ಟಲೆ ಅಲುಗಾಡದೆ ಬಿಗಿದ ಕೀಲು. ಕಾರಣ ತಿಳಿದರೆ ದಾರಿಯೂ ಇದೆ: ಬಿಸಿನೀರು, ಸ್ಪಂಜಿನ ಚೆಂಡು, ಫಿಸಿಯೋಥೆರಪಿ. ನೋವು ಪೂರ್ತಿ ಹೋಗದಿರಬಹುದು. ಅದರ ಜೊತೆ ಅಂಟಿದ್ದ ನಾಚಿಕೆ ಹೋಗಿದೆ.

ನೋವಿನಲ್ಲಿರುವವರಿಗೆ ಇಂದು ಕರ್ಮದ ಮಾತು ಹೇಳುವುದು ಬೇಡ. ಅವರ ಬಟ್ಟೆ ಹಿಂಡಿಕೊಡೋಣ.

ಭವತು ಸಬ್ಬ ಮಂಗಲಂ.